ಒಡೆದ ಅಕ್ಷರ, ನಲವತ್ತೊಂಬತ್ತು ಬಟನ್

ಮಲ್ಟಿಮೀಡಿಯಾ ಕೋರ್ಸಿಗೆ ಪಾಠ ಹೇಳಲು ಹೊಸದಾಗಿ ಸೇರಿಕೊಂಡ ಇಬ್ಬರು ಹೆಣ್ಣುಮಕ್ಕಳು ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಹತ್ತೂವರೆಗೆ ಬರುತ್ತೇವೆ ಎಂದವರು ಹನ್ನೊಂದಕ್ಕೆ ಬಂದರು. ಅದನ್ನು ಅವರಿಗೆ ಹೇಳಿದ ಮೇಲೆಯೇ ಕಾಫಿ ಕೊಟ್ಟೆ. ನನ್ನ ಹಳೆಯ ನೋಟ್ಸ್ ಬೇಕು ಎಂದರು. ಕೊಡುವುದಕ್ಕೇನೂ ಅಡ್ಡಿಯಿಲ್ಲ, ಆದರೆ ಅದರಲ್ಲಿರುವ ಮುಕ್ಕಾಲು ಪಾಲು ಸಾಫ್ಟ್‌ವೇರುಗಳು ಈಗ ಯಾವ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ. ನೋಟ್ಸಿನ ಬದಲು ನಾನು ಮಾಡಿದ ತಪ್ಪುಗಳನ್ನು ಬರೆದುಕೊಡುತ್ತೇನೆ, ಅವು ಹೆಚ್ಚು ದಿನ ಉಪಯೋಗಕ್ಕೆ ಬರುತ್ತವೆ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಮಾತು ಕೊಟ್ಟ ಮೇಲೆ ಬರೆಯಲೇಬೇಕು.

ನಾನು ಕೆಲಸಕ್ಕೆ ಸೇರಿದ್ದು ಚಾಮರಾಜಪೇಟೆಯ ಒಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿಗೆ, ಟೈಪಿಂಗ್ ಕಲಿಸಲು. ಕೆಳಗೆ ಔಷಧಿ ಅಂಗಡಿ, ಮೇಲೆ ನಾವು. ಬೆಳಗ್ಗೆ ಆರೂವರೆಗೆ ಮೊದಲ ಬ್ಯಾಚ್. ಕಾಟನ್‌ಪೇಟೆಯ ನಮ್ಮ ತಂದೆಯ ಮನೆಯಲ್ಲಿ ಐದಕ್ಕೆ ಎದ್ದು, ಸ್ನಾನ, ಲಿಂಗಪೂಜೆ ಮುಗಿಯದೆ ಯಾರಿಗೂ ಕಾಫಿ ಇರಲಿಲ್ಲ. ಹಾಗೆ ಬೆಳೆದವಳಿಗೆ ಆರೂವರೆ ಕಷ್ಟವಾಗಲಿಲ್ಲ. ಗಂಟೆಗೊಂದು ಬ್ಯಾಚ್, ಗಂಟೆ ಮುಗಿದಾಗ ಮೇಜಿನ ಮೇಲಿನ ಹಿತ್ತಾಳೆ ಗಂಟೆ ಒತ್ತುವುದು, ಒತ್ತಿದ ಮೇಲೆ ಒಂದಕ್ಷರವೂ ಹೊಡೆಯುವಂತಿಲ್ಲ, ಯಂತ್ರಕ್ಕೆ ಕಪ್ಪು ಬಟ್ಟೆ ಹೊದಿಸಿ ಏಳಬೇಕು. ಹುಡುಗರು ನನಗೆ ‘ಗಂಟೆ ಮೇಡಂ’ ಎಂದು ಹೆಸರಿಟ್ಟಿದ್ದರು. ನನ್ನ ಎದುರಿಗೆ ಯಾರೂ ಹೇಳಲಿಲ್ಲ, ಆದರೂ ನನಗೆ ಗೊತ್ತಿತ್ತು.

ಇನ್‌ಸ್ಟಿಟ್ಯೂಟಿನ ಮಾಲೀಕರು ನಾಗೇಶರಾಯರು. ಮುಂದೆ ಬರುವುದನ್ನು ಮೂಸಿ ನೋಡುವ ಮೂಗು ಅವರಿಗಿತ್ತು. ಟೈಪಿಂಗಿಗೆ ಜನ ಕಡಿಮೆಯಾಗುತ್ತಿದ್ದಂತೆ ಕಂಪ್ಯೂಟರ್ ತರಿಸಿದರು. ಕಂಪ್ಯೂಟರನ್ನು ಎಲ್ಲರೂ ಕಲಿಸಲು ಶುರು ಮಾಡಿದಾಗ ಒಂದು ದಿನ ನನ್ನನ್ನು ಕರೆದು, ಮುಂದಿನ ತಿಂಗಳಿಂದ ಅನಿಮೇಷನ್, ವೆಬ್ ಕೋರ್ಸು, ನೀವೇ ತಗೋಬೇಕು ಎಂದರು. ನನಗೆ ಗೊತ್ತಿಲ್ಲವಲ್ಲ ಸರ್ ಎಂದೆ. ಅವೆನ್ಯೂ ರಸ್ತೆಯಲ್ಲಿ ಪುಸ್ತಕ ಸಿಗುತ್ತದೆ ಎಂದರು. ನನಗೆ ಸಿಕ್ಕಿದ ತರಬೇತಿ ಅಷ್ಟೇ.

ಇಟ್ಟಿಗೆಯಷ್ಟು ದಪ್ಪದ ಎರಡು ಹಳೆಯ ಪುಸ್ತಕ ತಂದು, ಇವತ್ತು ಓದಿದ್ದನ್ನು ನಾಳೆ ಪಾಠ ಮಾಡುತ್ತಾ ಮೊದಲ ವರ್ಷ ದಾಟಿಸಿದೆ. ಯಾರಾದರೂ ಮುಂದಿನ ಅಧ್ಯಾಯದ ಪ್ರಶ್ನೆ ಕೇಳಿದರೆ, ಅದು ನಾಳಿನ ಪಾಠ ಎನ್ನುತ್ತಿದ್ದೆ. ಒಂದು ದಿನ ಬಾಗಿಲ ಬಳಿ ನಿಂತು ಕೇಳಿಸಿಕೊಂಡ ರಾಯರು, ಬ್ಯಾಚ್ ಹೋದ ಮೇಲೆ ಹೇಳಿದರು: “ಗೊತ್ತಿಲ್ಲ ಅಂತ ಹೇಳೋಕೆ ಒಂದು ಕ್ಷಣ ಸಾಕು ಕಣಮ್ಮಾ. ‘ನಾಳಿನ ಪಾಠ’ ಅಂದ್ರೆ ರಾತ್ರಿಯೆಲ್ಲಾ ಓದಬೇಕು.” ಅವರು ಹೇಳಿದ್ದು ಅರ್ಥವಾಗಲು ನನಗೆ ಬಹಳ ವರ್ಷ ಬೇಕಾಯಿತು.

ಪಾಠದ ಕ್ರಮ ಮಾತ್ರ ನನ್ನದೇ. ಟೈಪಿಂಗಿನಲ್ಲಿ ಒಂದೇ ಸಾಲನ್ನು ಪುಟ ತುಂಬ ಹೊಡೆಸುವಂತೆ, ಅನಿಮೇಷನ್ನಿನಲ್ಲಿ ಮೊದಲ ಎರಡು ವಾರ ಬರೀ ಚೆಂಡು. ಚೆಂಡು ಬೀಳಬೇಕು, ಪುಟಿಯಬೇಕು, ನಿಲ್ಲಬೇಕು. ಕಬ್ಬಿಣದ ಗುಂಡು, ರಬ್ಬರ್ ಚೆಂಡು, ನೀರು ತುಂಬಿದ ಬಲೂನು, ಮೂರನ್ನೂ ಬಣ್ಣವಿಲ್ಲದೆ ಬರೀ ಚಲನೆಯಲ್ಲೇ ಗುರುತು ಹಿಡಿಯುವಂತೆ ಮಾಡಿ ತೋರಿಸಬೇಕು. ಡೈನೋಸಾರ್ ಮಾಡಲು ಬಂದವರು ಗೊಣಗುತ್ತಿದ್ದರು. ಹಾಗೆ ಗೊಣಗಿದವರಲ್ಲಿ ಎಷ್ಟೋ ಜನ ಇವತ್ತು ದೊಡ್ಡ ಸ್ಟುಡಿಯೋಗಳಲ್ಲಿದ್ದಾರೆ. ಹಬ್ಬಕ್ಕೆ ಫೋನ್ ಮಾಡಿದಾಗ, ತಮ್ಮ ಕೈಕೆಳಗಿನವರಿಗೂ ಚೆಂಡನ್ನೇ ಕೊಟ್ಟಿದ್ದೇವೆ ಎನ್ನುತ್ತಾರೆ. ಆ ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗುವುದಿಲ್ಲ.

ಇನ್ನೊಂದು ನಿಯಮವಿತ್ತು: ‘ಅಕ್ಷರ ಒಡೆಯಿರಿ.’ ನನ್ನ ತಪ್ಪು ಇರುವುದು ಇದರಲ್ಲೇ. ಆದ್ದರಿಂದ ಅದು ಹುಟ್ಟಿದ್ದು ಹೇಗೆಂದು ಹೇಳಿಬಿಡುತ್ತೇನೆ.

ಆಗ ಎಲ್ಲರೂ ಫ್ಲ್ಯಾಶ್ ಎಂಬ ಅನಿಮೇಷನ್ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುತ್ತಿದ್ದ ಕಾಲ. ಕನ್ನಡ ಅಕ್ಷರಕ್ಕೆ ಒಬ್ಬೊಬ್ಬರದು ಒಂದೊಂದು ಫಾಂಟು. ನಮ್ಮ ಮಷೀನಿನಲ್ಲಿ ಮುತ್ತಿನಂತೆ ಕಾಣುವ ಕನ್ನಡ, ಆ ಫಾಂಟು ಇಲ್ಲದ ಇನ್ನೊಂದು ಮಷೀನಿನಲ್ಲಿ ಇಂಗ್ಲಿಷ್ ಅಕ್ಷರ, ಆವರಣ ಚಿಹ್ನೆ, ಪ್ರಶ್ನಾರ್ಥಕಗಳ ಕಲಸುಮೇಲೋಗರವಾಗಿಬಿಡುತ್ತಿತ್ತು. ಬಸವನಗುಡಿಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮ ಬ್ಯಾಚಿನವರು ಸ್ವಾಗತದ ಅನಿಮೇಷನ್ ಮಾಡಿಕೊಟ್ಟಿದ್ದರು. ಪರದೆ ಸರಿಯಿತು, ದೀಪ ಬೆಳಗಿತು, ‘ಸ್ವಾಗತ’ ಎಂದು ಅರಳಬೇಕಾದಲ್ಲಿ ಅಡ್ಡಗೆರೆ, ನಕ್ಷತ್ರ, ಕೊಂಬು ಬಂದವು. ಹಿಂದಿನ ಸಾಲಿನಲ್ಲಿ ಯಾರೋ, ಇದು ಯಾವ ಭಾಷೆ ಎಂದು ನಿಧಾನವಾಗಿ ಕೇಳಿದರು. ನಾನು ಎದ್ದು ಹೊರಗೆ ಬಂದೆ.

ಮರುದಿನವೇ ನಿಯಮ ಬರೆದು ಗೋಡೆಗೆ ಅಂಟಿಸಿದೆ. ಸಾಫ್ಟ್‌ವೇರಿನಲ್ಲಿ ಬರಹವನ್ನು ಆರಿಸಿ ಎರಡು ಸಲ ‘ಒಡೆ’ ಎಂಬ ಆಜ್ಞೆ ಕೊಟ್ಟರೆ, ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಚಿತ್ರವಾಗುತ್ತದೆ. ಚಿತ್ರಕ್ಕೆ ಫಾಂಟು ಬೇಡ, ಎಲ್ಲಿಗೆ ಒಯ್ದರೂ ಹಾಗೇ ಕಾಣುತ್ತದೆ. ಅಂದಿನಿಂದ ನಮ್ಮಲ್ಲಿ ಮಾಡಿದ ಯಾವ ಕೆಲಸವೂ ಎಲ್ಲೂ ಕಲಸುಮೇಲೋಗರವಾಗಲಿಲ್ಲ. ಬೇರೆ ಇನ್‌ಸ್ಟಿಟ್ಯೂಟಿನವರು ಬಂದು ಕೇಳಿಕೊಂಡು ಹೋದರು. ಫ್ಲ್ಯಾಶ್ ನಿಂತುಹೋಯಿತು, ಹೊಸ ವಿಧಾನಗಳು ಬಂದವು. ಐವತ್ತು ದಾಟಿದ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾಗಿ ಕೋಡ್ ಬರೆಯಲು ಕಲಿತೆ. ಕನ್ನಡಕ್ಕೆ ಎಲ್ಲ ಮಷೀನುಗಳಲ್ಲೂ ಓದಿಸಿಕೊಳ್ಳುವ ಯೂನಿಕೋಡ್ ಬಂತು. ನಿಯಮ ಮಾತ್ರ ಗೋಡೆಯ ಮೇಲೆ ಹಾಗೇ ಇತ್ತು. ಅದು ಇನ್ನೂ ಬೇಕೇ ಎಂದು ನಾನು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ನಾನು ನಿವೃತ್ತಳಾಗುವ ಹಿಂದಿನ ವರ್ಷ ಮುನಿರಾಜು ಬಂದರು. ನಲವತ್ತೆರಡು ವರ್ಷ, ಬೋರ್ಡ್ ಬರೆಯುವವರು. ಪೇಟೆಯ ಅರ್ಧ ಅಂಗಡಿಗಳ ಹೆಸರು ಒಂದು ಕಾಲಕ್ಕೆ ಅವರ ಕೈಯಿಂದಲೇ ಬಂದಿತ್ತು. ಫ್ಲೆಕ್ಸ್ ಬಂದ ಮೇಲೂ ಶಾಲೆಯ ಗೋಡೆ, ದೇವಸ್ಥಾನದ ಕಂಬ, ಗಾಡಿ ನಂಬರ್ ಎಂದು ಹೇಗೋ ನಡೆಸಿಕೊಂಡು ಬಂದಿದ್ದರು. ಈಗ ಅದೂ ನಿಂತಿತ್ತು. ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಮೊದಲ ಬೆಂಚಿನಲ್ಲಿ ಕೂರುತ್ತಿದ್ದರು. ಬ್ಯಾಚಿನವರು ಮೊದಮೊದಲು, ಏನ್ ಗುರು, ಮೌಸ್‌ಗೂ ಬ್ರಷ್ ಕಟ್ಟಿದೀಯಾ ಎಂದು ರೇಗಿಸಿದರು. ಚೆಂಡಿನ ಪಾಠ ಬಂದ ದಿನ ಅವರ ನೀರಿನ ಬಲೂನು ನೋಡಿ ಎಲ್ಲರೂ ‘ಮುನಿಯಣ್ಣ’ ಎನ್ನಲು ಶುರು ಮಾಡಿದರು.

ಸೇರುವ ದಿನವೇ ಅವರು ತಮ್ಮ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವರ ಅಣ್ಣನದು ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಕೋರ್ಸು ಮುಗಿಯುವವರೆಗೆ ಅಣ್ಣ ಕಾಯುತ್ತಾನೆ. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಅಂಗಡಿಯಲ್ಲಿ ಕೂರಬೇಕು.

“ಸೊಪ್ಪು ಮಾರೋದು ಕೀಳಲ್ಲ ಮೇಡಂ, ನಮ್ಮಪ್ಪ ಮಾರಿ ನಮ್ಮನ್ನ ಸಾಕಿದ್ದು. ಆದ್ರೆ ಅಲ್ಲಿ ಅಕ್ಷರ ಇಲ್ಲ. ಒಂದ್ಸಲ ಹೋಗಿ ಕೂತ್ರೆ ಈ ಕೈ ಮರ್ತುಬಿಡುತ್ತೆ.”

ಕೋರ್ಸಿನ ಕೊನೆಯಲ್ಲಿ ಪ್ರತಿಯೊಬ್ಬರೂ ಒಂದು ವೆಬ್ ಅಪ್ಲಿಕೇಷನ್ ಮಾಡಬೇಕು. ಮುನಿರಾಜು ಮಕ್ಕಳಿಗಾಗಿ ಅಕ್ಷರಮಾಲೆ ಮಾಡಿದರು. ಪರದೆಯ ಮೇಲೆ ನಲವತ್ತೊಂಬತ್ತು ಅಕ್ಷರ. ಯಾವುದನ್ನು ಒತ್ತಿದರೂ ಒಂದು ಬ್ರಷ್ ಬಂದು, ಬಣ್ಣದಲ್ಲಿ ಅದ್ದಿ, ಆ ಅಕ್ಷರವನ್ನು ನಮ್ಮ ಕಣ್ಣೆದುರು ಬರೆಯುತ್ತಿತ್ತು. ಎಲ್ಲಿ ಒತ್ತಬೇಕು, ಎಲ್ಲಿ ಬ್ರಷ್ಷನ್ನು ತೇಲಿಸಬೇಕು ಎಂಬುದೆಲ್ಲ ಕಾಣುತ್ತಿತ್ತು. ಒಂದೇ ಒಂದು ಅಕ್ಷರವನ್ನೂ ಟೈಪ್ ಮಾಡಿರಲಿಲ್ಲ, ಎಲ್ಲವನ್ನೂ ಕೈಯಲ್ಲಿ ಬರೆದು ಒಳಗೆ ತಂದಿದ್ದರು. ಮೇಲಿನ ಸೂಚನೆ, ಕೆಳಗಿನ ಪದ, ಎಲ್ಲವೂ ಹಾಗೇ. ನನ್ನ ನಿಯಮವನ್ನು ಅಷ್ಟು ಸಂಪೂರ್ಣವಾಗಿ ಪಾಲಿಸಿದ ವಿದ್ಯಾರ್ಥಿ ಇನ್ನೊಬ್ಬರಿರಲಿಲ್ಲ. ಬ್ಯಾಚಿಗೆಲ್ಲ ತೋರಿಸಿ ಹೊಗಳಿದೆ.

ಶುಕ್ರವಾರ ಪ್ರದರ್ಶನ. ಮಕ್ಕಳ ಪಾಠದ ಸಾಫ್ಟ್‌ವೇರ್ ಮಾಡುವ ಒಂದು ಚಿಕ್ಕ ಕಂಪನಿಯಿಂದ ಇಬ್ಬರು ಬಂದಿದ್ದರು. ಒಬ್ಬರು ಆ ಕಂಪನಿ ನಡೆಸುವ ಹೆಣ್ಣುಮಗಳು. ಇನ್ನೊಬ್ಬರು ರಂಗನಾಥ್, ಮೂವತ್ತೈದರ ಆಸುಪಾಸು, ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವ ಟೆಸ್ಟರ್. ಹುಟ್ಟಿನಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಅವರ ಲ್ಯಾಪ್‌ಟಾಪಿನಲ್ಲಿ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಇತ್ತು. ಆ ಕಂಪನಿಗೆ ಕೆಲಸಕ್ಕೆ ಬೇಕಾಗಿದ್ದುದು ಒಬ್ಬರೇ. ಆ ಹೆಣ್ಣುಮಗಳು ಮುನಿರಾಜು ಅವರ ‘ಅ’ ಬರೆಯುವುದನ್ನು ಮೂರು ಸಲ ಒತ್ತಿ ಒತ್ತಿ ನೋಡಿದರು. ಕೆಲಸ ಸಿಕ್ಕಿತೆಂದೇ ನಾನು ತಿಳಿದೆ.

ರಂಗನಾಥ್ ತಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದರು. ಒಂದು ಕೀಲಿ ಒತ್ತಿದರು. ಮೂಗಿನಲ್ಲಿ ಮಾತಾಡುವ ಆ ಯಂತ್ರದ ಧ್ವನಿ ‘ಬಟನ್’ ಎಂದಿತು. ಮತ್ತೆ ಒತ್ತಿದರು. ಬಟನ್. ಬಟನ್. ಬಟನ್. ಇಡೀ ಕೋಣೆ ಕೇಳುತ್ತಿತ್ತು. ಅವರು ಅವಸರ ಮಾಡದೆ ಕೊನೆಯವರೆಗೂ ಒತ್ತುತ್ತಾ ಹೋದರು.

“ಮೇಡಂ, ಇದು ಅಕ್ಷರಮಾಲೆನೋ, ಷರ್ಟೋ? ನಲವತ್ತೊಂಬತ್ತು ಬಟನ್ ಇದೆ, ಒಂದಕ್ಷರಾನೂ ಇಲ್ಲ.”

ಹಿಂದಿನ ಬೆಂಚಿನಲ್ಲಿ ನಗು ಬಂತು. ಮುನಿರಾಜು ನಗಲಿಲ್ಲ. ಕಾಣುತ್ತಿದೆಯಲ್ಲ ಸರ್ ಎನ್ನಲು ಬಾಯಿ ತೆರೆದವರು ಅರ್ಧಕ್ಕೇ ನಿಲ್ಲಿಸಿದರು. ಯಂತ್ರ ಓದುವುದು ಟೈಪ್ ಮಾಡಿದ ಅಕ್ಷರವನ್ನು. ಚಿತ್ರವಾಗಿ ಒಡೆದ ಅಕ್ಷರ ಅದಕ್ಕೆ ಅಕ್ಷರವೇ ಅಲ್ಲ. ಇದು ಆ ಕೋಣೆಯಲ್ಲಿ ಯಾರಿಗಾದರೂ ಮೊದಲೇ ಹೊಳೆಯಬೇಕಾಗಿದ್ದರೆ ನನಗೆ ಹೊಳೆಯಬೇಕಿತ್ತು. ಕಾಣದವರಿಗೂ ವೆಬ್ಬು ಓದಿಸಿಕೊಳ್ಳಬೇಕು ಎಂದು ಪುಸ್ತಕದಲ್ಲಿ ಒಂದು ಅಧ್ಯಾಯವೇ ಇತ್ತು. ಸಮಯ ಸಾಲದೆಂದು ಪ್ರತಿವರ್ಷ ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದವಳು ನಾನು.

ಮುನಿರಾಜು ಚೀಲ ತೆಗೆದುಕೊಳ್ಳಲು ಬಗ್ಗಿದರು. ಬೋರ್ಡ್ ಬರೆಯುವವರು ಕೆಲಸ ಕೈತಪ್ಪಿದಾಗ ಏಣಿ ಮಡಿಚುವ ಹಾಗೆ, ಸದ್ದಿಲ್ಲದೆ. ನಾನು ಎದ್ದು ನಿಂತೆ. ಮೂವತ್ತು ವರ್ಷಗಳಲ್ಲಿ ಬ್ಯಾಚಿನ ಎದುರಿಗೆ ಹೇಳದ ಮಾತು ಹೇಳಿದೆ.

“ಈ ತಪ್ಪು ಇವರದಲ್ಲ. ಅಕ್ಷರ ಒಡೀರಿ ಅಂತ ಬರೆದು ಗೋಡೆಗೆ ಅಂಟಿಸಿರೋಳು ನಾನು. ನನಗೆ ಇದು ಗೊತ್ತಿರಲಿಲ್ಲ.”

ರಂಗನಾಥ್ ನನ್ನ ಧ್ವನಿ ಬಂದ ಕಡೆಗೆ ತಿರುಗಿದರು. ಮುಂದಿನ ಗುರುವಾರ ಸಂಜೆಯ ಬ್ಯಾಚನ್ನು ನೋಡಲು ಮತ್ತೆ ಬರುವುದಿದೆ, ಅಷ್ಟರೊಳಗೆ ಮಾಡಿದರೆ ನೋಡುತ್ತೇವೆ, ಆಮೇಲೆ ಇಲ್ಲ ಎಂದರು. ಹೋಗುವಾಗ ಇನ್ನೊಂದು ಮಾತು ಹೇಳಿದರು: ಯಂತ್ರ ಓದಲೆಂದು ಬರೀ ‘ಅ ಅಕ್ಷರದ ಚಿತ್ರ’ ಎಂದು ಬರೆದು ತಂದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ, ಕಣ್ಣಿದ್ದವರಿಗೆ ಬ್ರಷ್ ಏನು ತೋರಿಸುತ್ತದೋ ಅದು ನನಗೂ ಸಿಗಬೇಕು.

ಆರು ದಿನ. ಮೊದಲು ಆ ನಿಯಮದ ಚೀಟಿಯನ್ನು ಗೋಡೆಯಿಂದ ಕಿತ್ತೆ, ಗೋಡೆಯ ಬಣ್ಣದ ಸಮೇತ ಬಂತು. ಆಮೇಲೆ ಮುನಿರಾಜು ಅವರನ್ನು ಕೂರಿಸಿದೆ. ಇಪ್ಪತ್ತು ವರ್ಷ ಅಕ್ಷರ ಬರೆದವರಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ತೋರುಬೆರಳಲ್ಲಿ ಕೀಲಿ ಹುಡುಕುತ್ತಾ ಒಂದು ಸಾಲಿಗೆ ಹತ್ತು ನಿಮಿಷ ತೆಗೆದುಕೊಂಡರು. ಬೇರೆ ಯಾರಾದರೂ ಟೈಪ್ ಮಾಡಿಕೊಡಲಿ ಎಂದು ಬ್ಯಾಚಿನವರೇ ಮುಂದೆ ಬಂದರು. ಬೇಡ ಎಂದೆ, ನಾಳೆ ಆಫೀಸಿನಲ್ಲಿ ಯಾರು ಮಾಡಿಕೊಡುತ್ತಾರೆ? ಅವರ ಕೈಗಳ ಮೇಲೆ ಒಂದು ಕರ್ಚೀಫು ಹೊದಿಸಿ, ಟೈಪ್‌ರೈಟರ್ ಕಾಲದ ಕ್ರಮದಲ್ಲೇ ಬೆಳಗ್ಗೆ ಆರೂವರೆಯಿಂದ ಬೆರಳು ಕೂರಿಸಿದೆ. ಮೂರನೆಯ ದಿನಕ್ಕೆ ನೋಡದೆ ಹೊಡೆಯತೊಡಗಿದರು. ಬೆರಳು ಪಳಗಿದ ಮನುಷ್ಯ, ಬೇಗ ಕಲಿತರು.

ಕಷ್ಟವಿದ್ದುದು ಏನು ಬರೆಯುವುದು ಎಂಬುದರಲ್ಲಿ. ಅದಕ್ಕೆ ಒಂದು ಕ್ರಮ ಮಾಡಿದೆ. ನಾನು ಕಣ್ಣು ಮುಚ್ಚಿಕೊಂಡು ಪೆನ್ಸಿಲ್ ಹಿಡಿದು ಕೂರುವುದು. ಅವರು ತಾವು ಬರೆದದ್ದನ್ನು ಓದುವುದು. ಯಾವ ಅಕ್ಷರ ಎಂದು ಹೇಳುವಂತಿಲ್ಲ. ಅವರ ಮಾತು ಕೇಳಿಯೇ ನನ್ನ ಕೈ ಆ ಅಕ್ಷರವನ್ನು ಬರೆಯಬೇಕು.

ಮೊದಲ ಅಕ್ಷರಕ್ಕೆ ಎಡಗಡೆಯಿಂದ ಸುತ್ತಿಕೊಂಡು ಬನ್ನಿ ಎಂದರು. ಬಂದೆ. ಮತ್ತೆ ಬಲಕ್ಕೆ ಬಗ್ಗಿಸಿ ಎಂದರು. ಬಗ್ಗಿಸಿದೆ. ಕಣ್ಣು ಬಿಟ್ಟರೆ ಕಾಗದದ ಮೇಲೆ ಈರುಳ್ಳಿ ಇತ್ತು.

“ಮೇಡಂ, ಅಷ್ಟು ದೊಡ್ಡದಾಗಿ ಯಾರು ಸುತ್ತು ಅಂದ್ರು?”

“ಎಷ್ಟು ಅಂತ ನೀವು ಯಾವಾಗ ಹೇಳಿದಿರಿ?”

ಅವರು ತಲೆ ಕೆರೆದುಕೊಂಡರು. ಅಳತೆ ಅವರ ಕೈಯಲ್ಲಿತ್ತು, ಬಾಯಲ್ಲಿ ಇರಲಿಲ್ಲ. ಸಂಜೆ ಹೊತ್ತಿಗೆ ಒಂದೊಂದಾಗಿ ಮಾತುಗಳು ಹೊರಟವು. ಅವರ ಕಸುಬಿನದು, ಮನೆಯ ವ್ಯಾಪಾರದ್ದು, ಎಲ್ಲ ಸೇರಿ ಬಂದವು. ಒಂದು ಅಕ್ಷರದ ಬಾಲ ಹುರುಳಿಕಾಯಿಯಷ್ಟು ಬಾಗಿತ್ತು, ಇನ್ನೊಂದಕ್ಕೆ ಕುಡುಗೋಲಿನ ಬೆನ್ನಿತ್ತು. ‘ರ’ ಎಂದರೆ ಬಳೆಯಂತೆ ದುಂಡು, ಆ ಬಳೆಯ ನೆತ್ತಿಗೆ ತಾಗುವಂತೆ ತಲೆಕಟ್ಟು. ನನ್ನ ಪೆನ್ಸಿಲ್ ಕಣ್ಣು ಮುಚ್ಚಿಕೊಂಡೇ ಸರಿಯಾದ ‘ರ’ ಬರೆದಾಗ ಮುನಿರಾಜು ಮೇಜು ಗುದ್ದಿದರು. ಬ್ಯಾಚಿನವರು ಸರದಿಯಲ್ಲಿ ಕಣ್ಣು ಮುಚ್ಚಿ ಕೂರಲು ಬಂದರು. ಎಲ್ಲರೂ ಹುಟ್ಟಿನಿಂದ ಬಲ್ಲ ಅಕ್ಷರಗಳನ್ನು ಮೊದಲ ಸಲ ಕಲಿಯುವವರಂತೆ ಕಲಿಯುತ್ತಿದ್ದರು. ಮೂವತ್ತು ವರ್ಷಗಳ ನನ್ನ ಪಾಠಗಳಲ್ಲಿ ಅಷ್ಟು ಒಳ್ಳೆಯ ತರಗತಿ ಇನ್ನೊಂದು ನಡೆದಿಲ್ಲ. ಅದು ಸಿಲಬಸ್ಸಿನಲ್ಲಿ ಇರಲಿಲ್ಲ ಎಂಬುದನ್ನೂ ಗಮನಿಸಿ.

ಬುಧವಾರ ಸಂಜೆಗೆ ನಲವತ್ತೊಂಬತ್ತೂ ಮುಗಿದವು. ಬ್ರಷ್ ಬರೆಯುವ ಚಿತ್ರ ಹಾಗೇ ಉಳಿಯಿತು. ಅದರ ಹಿಂದೆ ಯಂತ್ರ ಓದುವ ಬರಹ ಕೂತಿತು. ಆ ದಿನ ಮುನಿರಾಜು ಅವರ ಅಣ್ಣ ಬಾಗಿಲವರೆಗೂ ಬಂದು, ಚಪ್ಪಲಿ ಬಿಡದೆ ಅಲ್ಲೇ ನಿಂತು, ನಾಳೆ ಒಂದು ತೀರ್ಮಾನ ಆಗಲಿ ಮೇಡಂ, ಶುಕ್ರವಾರದ ಸಂತೆಗೆ ಕೈ ಬೇಕು ಎಂದು ಹೇಳಿ ಹೋದರು. ಗಡಸಾಗಿ ಹೇಳಲಿಲ್ಲ. ಅವರ ಕಷ್ಟ ಅವರದು.

ಗುರುವಾರ ರಂಗನಾಥ್ ಐದು ನಿಮಿಷ ಮೊದಲೇ ಬಂದರು. ಆ ಮನುಷ್ಯನ ಮೇಲೆ ನನಗಿದ್ದ ಗೌರವ ಇನ್ನಷ್ಟು ಹೆಚ್ಚಿತು. ಕುಳಿತು ಕೀಲಿ ಒತ್ತಿದರು. ಯಂತ್ರ ‘ಅ’ ಎಂದಿತು. ಮುಂದಕ್ಕೆ ಹೋದರು. ಆ, ಇ, ಈ. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ತಪ್ಪು ಹುಡುಕುವುದೇ ಕಸುಬಾದವರ ಮುಖ ಹಾಗೇ ಇರುತ್ತದೆ.

ಕೊನೆಗೆ ಹಿಂದಕ್ಕೆ ಬಂದು ‘ರ’ದ ಮೇಲೆ ನಿಂತು ವಿವರಣೆ ಓದಿಸಿದರು. ಬಲಗೈಯ ತೋರುಬೆರಳನ್ನು ಮೇಜಿನ ಮೇಲೆ ಇಟ್ಟು, ಯಂತ್ರ ಹೇಳಿದಂತೆ ಎಳೆದರು. ಬಳೆ, ತಲೆಕಟ್ಟು. ಮತ್ತೊಮ್ಮೆ ಎಳೆದರು. ಉಬ್ಬು ಚುಕ್ಕಿಗಳ ಬ್ರೈಲ್ ಲಿಪಿಯಲ್ಲಿ ಓದಿ ಬೆಳೆದವನು ನಾನು, ಕಣ್ಣಿದ್ದವರು ಬರೆಯುವ ಅಕ್ಷರ ಹೇಗಿರುತ್ತದೆಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ ಎಂದರು. ಆಮೇಲೆ ಸೊನ್ನೆ. ಆಮೇಲೆ ‘ಗ’. ಅವರು ಬರೆಯುತ್ತಿದ್ದುದು ತಮ್ಮ ಹೆಸರಿನ ಮೊದಲರ್ಧವನ್ನು ಎಂದು ನಮಗೆ ಆಗ ತಿಳಿಯಿತು. ‘ಗ’ಕ್ಕೆ ಮುನಿರಾಜು, ಕುದುರೆಯ ಲಾಳವನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿದ ಹಾಗೆ, ಮೇಲೆ ತಲೆಕಟ್ಟು ಎಂದು ಬರೆದಿದ್ದರು. ಅಲ್ಲಿ ಬೆರಳು ನಿಂತಿತು.

“ತಲೆಕಟ್ಟು ಲಾಳಕ್ಕೆ ತಾಗುತ್ತೋ, ಮೇಲೆ ತೇಲುತ್ತೋ?”

“ತಾಗುತ್ತೆ ಸರ್.”

“‘ರ’ಕ್ಕೆ ತಾಗುತ್ತೆ ಅಂತ ಬರ್ದಿದೀರಿ. ಇಲ್ಲಿ ಬರ್ದಿಲ್ಲ. ನಾನು ತೇಲಿಸಿಬಿಟ್ಟೆ. ಇದು ತಪ್ಪು, ನಾನು ಗುರುತು ಹಾಕ್ಕೊಂಡಿದೀನಿ. ಸೋಮವಾರ ಒಂಬತ್ತೂವರೆಗೆ ಆಫೀಸಿಗೆ ಬಂದು ಸರಿ ಮಾಡಿ.”

ಮುನಿರಾಜು ಅವರ ಮುಖ ಇಳಿದುಹೋಯಿತು. ನಲವತ್ತೊಂಬತ್ತರಲ್ಲಿ ಒಂದು ತಪ್ಪಾಯಿತು ಎಂಬುದಷ್ಟೇ ಅವರ ಕಿವಿಗೆ ಬಿದ್ದಿತ್ತು, ಆಫೀಸಿಗೆ ಬನ್ನಿ ಎಂದದ್ದು ಬಿದ್ದಿರಲಿಲ್ಲ. ಕುರ್ಚಿ ಎಳೆದುಕೊಂಡು, ಬೆರಳುಗಳನ್ನು ಕ್ರಮವಾಗಿ ಕೀಲಿಗಳ ಮೇಲೆ ಇಟ್ಟರು.

“ಸೋಮವಾರದವರೆಗೂ ಯಾಕೆ ಸರ್, ಎರಡೇ ನಿಮಿಷ. ಇಲ್ಲೇ ಮಾಡಿಬಿಡ್ತೀನಿ.”

ರಂಗನಾಥ್ ಲ್ಯಾಪ್‌ಟಾಪ್ ಮುಚ್ಚುತ್ತಾ ನನ್ನ ಕಡೆ ತಿರುಗಿ, ನೀವೇ ಹೇಳಿ ಮೇಡಂ ಎಂದರು. ನಾನು ಮುನಿರಾಜು ಅವರ ಕೈಗಳನ್ನು ಕೀಲಿಗಳ ಮೇಲಿನಿಂದ ಎತ್ತಿದೆ.

“ಏಳಿ ಮುನಿರಾಜು ಅವರೇ. ಅದನ್ನ ಇವತ್ತು ಸರಿ ಮಾಡಬೇಡಿ. ಹೋಗಿ, ನಿಮ್ಮ ಅಣ್ಣನಿಗೆ ಸಂತೆಗೆ ಬೇರೆ ಕೈ ನೋಡ್ಕೊಳ್ಳೋಕೆ ಹೇಳಿ ಬನ್ನಿ.”